ಬಳಕೆದಾರ ಕೇಂದ್ರಿತ ವಿನ್ಯಾಸದ ಕಲಿಕೆ: ಒಂದು ಚಾರಿತ್ರಿಕ ಸಮೀಕ್ಷೆ

೧

ಗಣಕಶಾಸ್ತ್ರದ ಪಾಠಪಟ್ಟಿಗಳಲ್ಲಿ ‘ಬಳಕೆದಾರ ಕೇಂದ್ರಿತ ವಿನ್ಯಾಸ’ ಎಂಬುದು ಈಗ ಒಂದು ಪರಿಚಿತವಾದ ಅಧ್ಯಾಯ. ಮನುಷ್ಯನು ಒಂದು ಗುಂಡಿಯನ್ನು ಒತ್ತಿದೊಡನೆ ಅದಕ್ಕೆ ಉತ್ತರ ಕೊಡುತ್ತ, ಆ ಉತ್ತರವನ್ನು ಕಂಡು ಅವನು ಮುಂದಿನ ಹೆಜ್ಜೆ ಇಡುವಂತೆ ನಡೆಯುವ ತಂತ್ರಾಂಶವನ್ನು ಸಂವಾದಾತ್ಮಕ ತಂತ್ರಾಂಶವೆನ್ನುತ್ತೇವೆ. ಇಂಥದನ್ನು ರಚಿಸುವವರು ಮೊದಲು ಅದನ್ನು ಬಳಸತಕ್ಕವರನ್ನು ಅರಿಯಬೇಕು. ರಚನೆ ನಡೆಯುತ್ತಿರುವಾಗಲೇ ಅದನ್ನು ಅವರ ಕೈಗೆ ಕೊಟ್ಟು ಪರೀಕ್ಷಿಸಬೇಕು. ಕಂಡ ದೋಷಗಳನ್ನು ತಿದ್ದಿ ಮತ್ತೆ ಪರೀಕ್ಷಿಸಬೇಕು. ಇಷ್ಟನ್ನು ವಿದ್ಯಾರ್ಥಿಯು ಹತ್ತು ಪಂಕ್ತಿಗಳಲ್ಲಿ ಬರೆದು ಪೂರ್ಣ ಅಂಕಗಳನ್ನು ಪಡೆಯಬಲ್ಲನು. ಆದರೆ ಅದೇ ವಿದ್ಯಾರ್ಥಿಯು ವರ್ಷದ ಕೊನೆಯಲ್ಲಿ ತಾನು ರಚಿಸಿದ ತಂತ್ರಾಂಶವನ್ನು ತಂದು ತೋರಿಸುವಾಗ, ಅವನನ್ನು ಬಿಟ್ಟರೆ ಬೇರೆ ಯಾರೂ ಅದನ್ನು ಮುಟ್ಟಿಯೇ ಇರುವುದಿಲ್ಲವೆಂಬುದು ಅಧ್ಯಾಪಕರಾದ ನಮಗೆ ಆಗಾಗ್ಗೆ ಆಗುವ ಅನುಭವ.

ಇದನ್ನು ವಿದ್ಯಾರ್ಥಿಯ ಆಲಸ್ಯವೆಂದು ಹೇಳಿ ಮುಗಿಸಿಬಿಡಬಹುದು. ಆದರೆ ಈ ವಿದ್ಯೆಯ ಚರಿತ್ರೆಯನ್ನು ನೋಡಿದಾಗ ನಮಗೆ ಬೇರೊಂದು ವಿಷಯ ತೋರುತ್ತದೆ. ಈ ತತ್ತ್ವವನ್ನು ಕೇಳಿದವರೆಲ್ಲರೂ ‘ಇದರಲ್ಲಿ ಹೊಸದೇನಿದೆ?’ ಎಂದವರೇ, ಆಚರಣೆಗೆ ತಂದವರು ಮಾತ್ರ ಅತ್ಯಲ್ಪ. ತತ್ತ್ವವು ಅತಿ ಸುಲಭವಾಗಿ ಕಾಣುವುದೇ ಅದರ ಕಲಿಕೆಗೆ ಇರುವ ದೊಡ್ಡ ತೊಡಕು. ಇದನ್ನು ಕೆಲವು ನಿದರ್ಶನಗಳಿಂದ ಸ್ಥಾಪಿಸಿ, ನಮ್ಮ ಬೋಧನಾಕ್ರಮಕ್ಕೆ ಅದರಿಂದ ದೊರೆಯುವ ಸೂಚನೆ ಏನೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಈ ವಿಚಾರದ ಬೇರು ಸಂವಾದಾತ್ಮಕ ಗಣಕಯಂತ್ರಕ್ಕಿಂತ ಹಿಂದಿನದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-೧೭ ಮೊದಲಾದ ಯುದ್ಧವಿಮಾನಗಳು ಕ್ಷೇಮವಾಗಿ ನೆಲಕ್ಕೆ ಇಳಿದ ಮೇಲೆ, ಪೈಲಟನು ರೆಕ್ಕೆಯ ಫ್ಲಾಪುಗಳನ್ನು ಮಡಿಸಲು ಹೋಗಿ ಚಕ್ರಗಳನ್ನೇ ಮಡಿಸಿಬಿಡುತ್ತಿದ್ದನು. ವಿಮಾನದ ಹೊಟ್ಟೆ ನೆಲಕ್ಕೆ ಅಪ್ಪಳಿಸುತ್ತಿತ್ತು. ಪೈಲಟನ ತಪ್ಪು ಎಂಬ ಶೀರ್ಷಿಕೆಯ ಕೆಳಗೆ ಇಂಥ ಅಪಘಾತಗಳು ದಾಖಲಾಗುತ್ತಿದ್ದುವು. ಮನಶ್ಶಾಸ್ತ್ರಜ್ಞರಾದ ಅಲ್ಫಾನ್ಸ್ ಚಪಾನಿಸ್ ಅವರು ಪೈಲಟನ ಆಸನದ ಮುಂದಿನ ಏರ್ಪಾಟನ್ನು ಪರೀಕ್ಷಿಸಿದರು. ಚಕ್ರದ ಸ್ವಿಚ್ಚು ಮತ್ತು ಫ್ಲಾಪಿನ ಸ್ವಿಚ್ಚು ಪಕ್ಕಪಕ್ಕದಲ್ಲಿದ್ದು ಒಂದೇ ಆಕಾರದಲ್ಲಿದ್ದುವು. ಇವೆರಡೂ ಬೇರೆ ಬೇರೆ ರೀತಿಯಲ್ಲಿದ್ದ ಸಿ-೪೭ ವಿಮಾನದಲ್ಲಿ ಈ ಬಗೆಯ ತಪ್ಪು ಕಾಣಿಸಿಕೊಂಡಿರಲಿಲ್ಲ. ಚಕ್ರದ ಹಿಡಿಗೆ ರಬ್ಬರಿನ ಪುಟ್ಟ ಚಕ್ರವನ್ನೂ ಫ್ಲಾಪಿನ ಹಿಡಿಗೆ ಬೆಣೆಯಾಕಾರದ ತುಂಡನ್ನೂ ಸೇರಿಸುವುದೇ ಅವರು ಸೂಚಿಸಿದ ಪರಿಹಾರ. ಕಣ್ಣಿಗೆ ಕಾಣದಿದ್ದರೂ ಕೈಗೆ ಭೇದವು ತಿಳಿಯುತ್ತಿತ್ತು.

೧೯೪೭ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಅವರು ಪೈಲಟರು ತಾವೇ ಹೇಳಿದ ೪೬೦ ಅನುಭವಗಳನ್ನು ವರ್ಗೀಕರಿಸಿ, ‘ಪೈಲಟನ ತಪ್ಪು’ ಎನಿಸಿಕೊಂಡುದರಲ್ಲಿ ಬಹುಭಾಗವು ಉಪಕರಣದ ರಚನೆಯಿಂದ ಹುಟ್ಟಿದ ತಪ್ಪೆಂದು ತೋರಿಸಿಕೊಟ್ಟರು. ದೋಷದ ಸ್ಥಾನವು ಮನುಷ್ಯನಿಂದ ವಸ್ತುವಿನ ವಿನ್ಯಾಸಕ್ಕೆ ಸರಿದುದು ಈ ವಿದ್ಯೆಯ ಮೊದಲ ಪಾಠ. ಆದರೆ ಒಂದು ಮಿತಿಯನ್ನು ಗಮನಿಸಬೇಕು. ಇಲ್ಲಿ ಬಳಕೆದಾರನನ್ನು ಕೇಳಿದುದು ಅಪಘಾತವಾದ ಮೇಲೆ. ಸ್ವಿಚ್ಚನ್ನು ಮೊದಲು ಜೋಡಿಸಿದಾಗ ಅವನು ಅಲ್ಲಿರಲಿಲ್ಲ.

೩

ಸಂವಾದಾತ್ಮಕ ಗಣಕಯಂತ್ರಗಳು ಬಳಕೆಗೆ ಬಂದ ಮೊದಲ ಕಾಲದಲ್ಲಿ ಕ್ರಮವಿಧಿಯನ್ನು ಬರೆಯುವವನೂ ಅದನ್ನು ಬಳಸುವವನೂ ಬಹುಮಟ್ಟಿಗೆ ಒಬ್ಬನೇ ಆಗಿದ್ದನು. ತನಗೆ ಅರ್ಥವಾದುದು ಎಲ್ಲರಿಗೂ ಅರ್ಥವಾಗುವುದೆಂಬ ನಂಬಿಕೆ ಆಗ ಅಷ್ಟೇನೂ ಹಾನಿಕರವಾಗಿರಲಿಲ್ಲ. ೧೯೭೧ರಷ್ಟು ಹಿಂದೆಯೇ ವಿಲ್ಫ್ರೆಡ್ ಹ್ಯಾನ್ಸೆನ್ ಅವರು ಸಂವಾದಾತ್ಮಕ ವ್ಯವಸ್ಥೆಗಳಿಗೆ ಕೆಲವು ತತ್ತ್ವಗಳನ್ನು ನಿರೂಪಿಸಿ, ಬಳಕೆದಾರನನ್ನು ಅರಿಯುವುದನ್ನೇ ಅವುಗಳಲ್ಲಿ ಮೊದಲನೆಯದಾಗಿ ಇಟ್ಟಿದ್ದರು. ಆದರೆ ಬೆರಳಚ್ಚುಗಾರರು, ಗುಮಾಸ್ತರು, ಮುದ್ರಣಾಲಯದ ಕೆಲಸಗಾರರು ಈ ಯಂತ್ರಗಳ ಮುಂದೆ ಕುಳಿತುಕೊಳ್ಳಬೇಕಾಗಿ ಬಂದಾಗಲಷ್ಟೆ ಆ ಮಾತಿನ ಭಾರ ತಿಳಿಯಿತು.

ಇದನ್ನು ರಾಜಕೀಯ ಪ್ರಶ್ನೆಯೆಂದು ಮೊದಲು ಗುರುತಿಸಿದ ಕೀರ್ತಿ ಸ್ಕ್ಯಾಂಡಿನೇವಿಯ ದೇಶಗಳಿಗೆ ಸಲ್ಲುತ್ತದೆ. ‘ಸಿಮ್ಯುಲಾ’ ಎಂಬ ಗಣಕಭಾಷೆಯ ನಿರ್ಮಾಪಕರಲ್ಲಿ ಒಬ್ಬರಾದ ನಾರ್ವೆಯ ಕ್ರಿಸ್ಟೆನ್ ನೈಗಾರ್ಡ್ ಅವರು ೧೯೭೦ರ ದಶಕದ ಆದಿಯಲ್ಲಿ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಡನೆ ಸೇರಿ, ಕಾರ್ಖಾನೆಗೆ ಬರುವ ಗಣಕವ್ಯವಸ್ಥೆಯ ವಿಷಯದಲ್ಲಿ ಕಾರ್ಮಿಕರೂ ತಿಳಿದು ಮಾತನಾಡುವಂತಾಗಬೇಕೆಂದು ದುಡಿದರು. ೧೯೮೧ರಿಂದ ೧೯೮೫ರವರೆಗೆ ನಡೆದ ‘ಯುಟೋಪಿಯ’ ಯೋಜನೆಯಲ್ಲಿ ಪೆಲ್ಲೆ ಎನ್, ಸುಸಾನೆ ಬ್ಯೋಡ್ಕರ್ ಮೊದಲಾದ ಸಂಶೋಧಕರು ಪತ್ರಿಕಾ ಮುದ್ರಣದ ಕೆಲಸಗಾರರೊಡನೆ ಪುಟವಿನ್ಯಾಸದ ಉಪಕರಣಗಳನ್ನು ರೂಪಿಸಲು ಹೊರಟರು.

ಈ ಯೋಜನೆಯ ಒಂದು ಸೋಲು ಅದರ ಯಶಸ್ಸಿಗಿಂತ ಬೋಧಪ್ರದವಾದುದು. ಸಂಶೋಧಕರು ಮೊದಲು ತಮ್ಮ ಶಾಸ್ತ್ರದ ರೂಢಿಯಂತೆ ವಿವರಣಪತ್ರಗಳನ್ನೂ ರೇಖಾಚಿತ್ರಗಳನ್ನೂ ಸಿದ್ಧಪಡಿಸಿ ಕೆಲಸಗಾರರ ಮುಂದಿಟ್ಟರು. ಅನುಭವಿಗಳಾದ ಆ ಕುಶಲಕರ್ಮಿಗಳಿಗೆ ಆ ಕಾಗದಗಳಲ್ಲಿ ತಮ್ಮ ಕೆಲಸವೇ ಕಾಣಲಿಲ್ಲ. ಆಗ ಸಂಶೋಧಕರು ರಟ್ಟಿನ ಪೆಟ್ಟಿಗೆ, ಕಾಗದ, ಸ್ಲೈಡು ತೋರಿಸುವ ಯಂತ್ರ ಇವುಗಳಿಂದ, ಇನ್ನೂ ಹುಟ್ಟದ ಗಣಕೋಪಕರಣದ ಅಣಕುಮಾದರಿಯೊಂದನ್ನು ಕಟ್ಟಿದರು. ಖಾಲಿ ಪೆಟ್ಟಿಗೆಯೊಂದನ್ನು ಲೇಸರ್ ಮುದ್ರಣಯಂತ್ರವೆಂದು ಭಾವಿಸಿಕೊಂಡರು. ಕೆಲಸಗಾರರು ಅದರ ಮುಂದೆ ಕುಳಿತು ಪುಟ ಕಟ್ಟುವ ತಮ್ಮ ಕೆಲಸವನ್ನು ನಟಿಸಿ ತೋರಿಸತೊಡಗಿದರು. ಎಲ್ಲಿ ಕೈ ತಡೆಯುತ್ತದೆ, ಏನು ಸಾಲದು ಎಂಬುದು ಒಡನೆಯೇ ಹೊರಬಿತ್ತು. ಕಾಗದದ ಮೇಲೆ ಕೇಳಿದಾಗ ಮೌನವಾಗಿದ್ದವರು ಕೈಗೆ ವಸ್ತು ಸಿಕ್ಕಿದಾಗ ಮಾತನಾಡಿದರು. ಬಳಕೆದಾರನ ಜ್ಞಾನವು ಬಹುಮಟ್ಟಿಗೆ ಅವನ ಕೈಯಲ್ಲಿರುತ್ತದೆ. ಬಾಯಿಮಾತಿನ ಪ್ರಶ್ನೆಗೆ ಅದು ಹೊರಬರುವುದಿಲ್ಲ.

೪

ಇದೇ ಕಾಲದಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಯಾರ್ಕ್‌ಟೌನ್ ಹೈಟ್ಸ್ ಸಂಶೋಧನಾಲಯದಲ್ಲಿ ಜಾನ್ ಗೂಲ್ಡ್ ಮತ್ತು ಕ್ಲೇಟನ್ ಲೂಯಿಸ್ ಅವರು ನಾವು ಆರಂಭದಲ್ಲಿ ಹೇಳಿದ ಮೂರು ತತ್ತ್ವಗಳನ್ನು ಸ್ಫುಟವಾಗಿ ಪ್ರತಿಪಾದಿಸುತ್ತಿದ್ದರು: ಆದಿಯಿಂದಲೇ ಬಳಕೆದಾರನ ಮೇಲೆ ಮತ್ತು ಅವನ ಕೆಲಸದ ಮೇಲೆ ಗಮನ, ಪ್ರಯೋಗದಿಂದ ಅಳತೆ, ಆವರ್ತಕ್ರಮದ ತಿದ್ದುಪಡಿ. ‘ಇದು ಎಲ್ಲರಿಗೂ ಗೊತ್ತಿರುವುದೇ’ ಎಂಬ ಉತ್ತರ ಅವರಿಗೆ ಎಲ್ಲೆಡೆಯೂ ಬರುತ್ತಿತ್ತು. ಆ ಉತ್ತರವನ್ನೇ ಅವರು ಪರೀಕ್ಷೆಗೆ ಒಡ್ಡಿದರು. ತಮ್ಮ ಉಪನ್ಯಾಸಗಳಿಗೆ ಬಂದ ೪೪೭ ಮಂದಿ ವಿನ್ಯಾಸಕಾರರು, ಯೋಜಕರು ಮತ್ತು ಕ್ರಮವಿಧಿ ಲೇಖಕರಿಗೆ, ಹೊಸದೊಂದು ಗಣಕವ್ಯವಸ್ಥೆಯನ್ನು ರೂಪಿಸುವಾಗ ಅನುಸರಿಸಬೇಕಾದ ಮುಖ್ಯ ಹಂತಗಳನ್ನು ಬರೆಯುವಂತೆ ಹೇಳಿದರು. ೧೯೮೫ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಬಳಕೆದಾರನ ಮೇಲಣ ಗಮನವನ್ನು ಹೇಗಾದರೂ ಪ್ರಸ್ತಾಪಿಸಿದವರು ನೂರಕ್ಕೆ ೬೨ ಮಂದಿ, ಪ್ರಯೋಗದ ಅಳತೆಯನ್ನು ಹೇಳಿದವರು ೪೦, ಮತ್ತೆ ಮತ್ತೆ ತಿದ್ದುವುದನ್ನು ಹೇಳಿದವರು ೨೦. ಮೂರನ್ನೂ ಹೇಳಿದವರು ಕೇವಲ ೧೬. ಮೂರರಲ್ಲಿ ಒಂದನ್ನೂ ಹೇಳದವರು ೨೬.

ಈ ಅಂತರಕ್ಕೆ ಆ ಲೇಖಕರು ಕೊಡುವ ಕಾರಣಗಳು ವಿಚಾರಾರ್ಹವಾದುವು. ಬಳಕೆದಾರರಿಗೆ ತಮಗೆ ಬೇಕಾದುದೇನೆಂಬುದು ತಿಳಿಯದು ಎಂಬ ಭಾವನೆ ಒಂದು. ಬುದ್ಧಿವಂತನು ಚೆನ್ನಾಗಿ ಯೋಚಿಸಿದರೆ ಮೊದಲ ಸಲವೇ ಸರಿಯಾದ ವಿನ್ಯಾಸವನ್ನು ಮಾಡಬಲ್ಲನೆಂಬ ಅಭಿಮಾನ ಇನ್ನೊಂದು. ಇವುಗಳಿಗಿಂತ ಸೂಕ್ಷ್ಮವಾದುದು ಒಂದು ತಪ್ಪು ತಿಳಿವಳಿಕೆ: ಬಳಕೆದಾರರನ್ನು ವರ್ಣಿಸಿ ಒಂದು ವರ್ಗವಾಗಿ ಗುರುತಿಸುವುದನ್ನೇ ಅವರನ್ನು ಅರಿತಂತೆ ಎಂದು ಎಣಿಸುವುದು. ಬಳಕೆದಾರನು ಮಧ್ಯವಯಸ್ಕ, ಇಂಗ್ಲಿಷ್ ಅಷ್ಟಾಗಿ ಬಾರದವನು ಎಂದು ಬರೆದಿಟ್ಟರೆ ಅವನ ಗುರುತಾಯಿತೇ ಹೊರತು ಪರಿಚಯವಾಗಲಿಲ್ಲ. ವಿನ್ಯಾಸಕಾರನು ತಾನೇ ಅವನ ಎದುರು ಕುಳಿತುಕೊಳ್ಳಬೇಕೆಂಬುದು ಗೂಲ್ಡ್ ಮತ್ತು ಲೂಯಿಸ್ ಅವರ ಆಗ್ರಹವಾಗಿತ್ತು.

೫

ತತ್ತ್ವವನ್ನು ಹೇಳಿದವರು ಅದನ್ನು ತಾವೇ ಆಚರಿಸಿ ತೋರಿಸಬೇಕಾದ ಸಂದರ್ಭವೂ ಒದಗಿಬಂದಿತು. ೧೯೮೪ರಲ್ಲಿ ಲಾಸ್ ಏಂಜಲೀಸಿನಲ್ಲಿ ನಡೆದ ಒಲಿಂಪಿಕ್ ಕ್ರೀಡಾಕೂಟಕ್ಕಾಗಿ ಗೂಲ್ಡ್ ಮತ್ತು ಅವರ ಸಹೋದ್ಯೋಗಿಗಳು ‘ಒಲಿಂಪಿಕ್ ಸಂದೇಶ ವ್ಯವಸ್ಥೆ’ಯನ್ನು ನಿರ್ಮಿಸಿದರು. ದೂರದೇಶದಿಂದ ಬಂದ ಕ್ರೀಡಾಪಟುವು ಕ್ರೀಡಾಗ್ರಾಮದ ಒಂದು ಕಟ್ಟೆಯ ಬಳಿಗೆ ಹೋಗಿ, ದೂರವಾಣಿಯ ಗುಂಡಿಗಳಿಂದ ತನ್ನ ದೇಶದ ಮೂರಕ್ಷರದ ಸಂಕೇತವನ್ನೂ ಹೆಸರನ್ನೂ ಗುಪ್ತಪದವನ್ನೂ ಒತ್ತಿದರೆ, ತನಗಾಗಿ ಬಂದ ಸಂದೇಶವನ್ನು ಕಳುಹಿಸಿದವರ ದನಿಯಲ್ಲೇ ಕೇಳಬಹುದಾಗಿತ್ತು. ತಾನೂ ಇನ್ನೊಬ್ಬ ಕ್ರೀಡಾಪಟುವಿಗೆ ಸಂದೇಶ ಕಳುಹಿಸಬಹುದಾಗಿತ್ತು. ವ್ಯವಸ್ಥೆಯು ೧೨ ಭಾಷೆಗಳಲ್ಲಿ ನಡೆಯುತ್ತಿತ್ತು. ಬಳಕೆದಾರರಿಗೆ ತರಬೇತಿ ಕೊಡಲು ಅವಕಾಶವಿರಲಿಲ್ಲ. ಕ್ರೀಡಾಕೂಟವನ್ನು ಒಂದು ವಾರ ಮುಂದೂಡಲೂ ಆಗುತ್ತಿರಲಿಲ್ಲ. ಜಗತ್ತೇ ನೋಡುತ್ತಿದ್ದಾಗ ಕೆಟ್ಟುಹೋದರೆ ಮುಚ್ಚಿಡುವಂತೆಯೂ ಇರಲಿಲ್ಲ.

ಅವರು ಅನುಸರಿಸಿದ ಕ್ರಮವು ಗಮನಾರ್ಹವಾಗಿದೆ. ಕ್ರಮವಿಧಿಯನ್ನು ಬರೆಯುವ ಮೊದಲೇ, ಕ್ರೀಡಾಪಟುವು ಏನು ಒತ್ತುತ್ತಾನೆ, ಯಂತ್ರವು ಏನು ಹೇಳುತ್ತದೆ ಎಂಬ ಸಂಭಾಷಣೆಯನ್ನು ನಾಟಕದಂತೆ ಕಾಗದದ ಮೇಲೆ ಬರೆದು ಜನರಿಗೆ ತೋರಿಸಿದರು. ಬಳಕೆಯ ಕೈಪಿಡಿಯನ್ನು ಕೆಲಸ ಮುಗಿದ ಮೇಲೆ ಬರೆಯುವುದು ವಾಡಿಕೆ. ಇವರು ಅದನ್ನು ಮೊದಲೇ ಬರೆದರು. ಚಿಕ್ಕ ಪುಸ್ತಕವಾದ ಆ ಕೈಪಿಡಿಯ ಇಂಗ್ಲಿಷ್ ಪ್ರತಿಯನ್ನು ೨೦೦ಕ್ಕೂ ಹೆಚ್ಚು ಬಾರಿ ತಿದ್ದಿದರು. ವಾಕ್ಯವು ಓದುಗನಿಗೆ ತಿಳಿಯದಿದ್ದಾಗ ಅನೇಕ ವೇಳೆ ತಿದ್ದಬೇಕಾದುದು ವಾಕ್ಯವನ್ನಲ್ಲ, ವ್ಯವಸ್ಥೆಯನ್ನೇ ಎಂಬುದು ಗೊತ್ತಾಗುತ್ತಿತ್ತು. ಒಲಿಂಪಿಕ್ ಕ್ರೀಡೆಗಳಲ್ಲಿ ಹಿಂದೆ ಭಾಗವಹಿಸಿದ್ದ ಒಬ್ಬರನ್ನು ತಂಡಕ್ಕೆ ಸೇರಿಸಿಕೊಂಡರು. ಸಂಶೋಧನಾಲಯದ ಹಜಾರದಲ್ಲಿ, ಕಟ್ಟೆಯ ಮಾದರಿಯಾಗಿ ಒಂದು ಪೊಳ್ಳು ಸಿಲಿಂಡರನ್ನು ನಿಲ್ಲಿಸಿ, ಹೋಗಿಬರುವವರ ಅಭಿಪ್ರಾಯಗಳನ್ನು ಕೇಳಿದರು. ವ್ಯವಸ್ಥೆಯನ್ನು ಕೆಡಿಸಿ ತೋರಿಸಿರೆಂದು ಕೆಲವರಿಗೆ ಬಿಟ್ಟುಕೊಟ್ಟರು. ೧೯೮೩ರಲ್ಲಿ ಲಾಸ್ ಏಂಜಲೀಸಿನಲ್ಲೇ ನಡೆದ ಒಂದು ಅಂತರರಾಷ್ಟ್ರೀಯ ಕ್ರೀಡಾಸಂದರ್ಭದಲ್ಲಿ ನಿಜವಾದ ಸ್ಪರ್ಧಿಗಳ ನಡುವೆ ಅದನ್ನು ಪರೀಕ್ಷಿಸಿದರು.

ಇಲ್ಲಿ ಇನ್ನೊಂದು ಅಂಶವನ್ನು ಹೇಳಬೇಕು. ಕ್ರೀಡಾಪಟುವಿನ ತಂದೆತಾಯಿಗಳು ಈ ಯಂತ್ರದ ಒಂದು ಗುಂಡಿಯನ್ನೂ ಒತ್ತಬೇಕಾಗಿರಲಿಲ್ಲ. ಅವರು ಲಾಸ್ ಏಂಜಲೀಸಿನಲ್ಲಿದ್ದ ತಮ್ಮ ದೇಶದ ಒಲಿಂಪಿಕ್ ಸಮಿತಿಯ ಕಚೇರಿಗೆ ದೂರವಾಣಿ ಮಾಡಿದರೆ, ಅಲ್ಲಿನ ಸಿಬ್ಬಂದಿ ಸಂಪರ್ಕ ಕಲ್ಪಿಸಿಕೊಡುತ್ತಿದ್ದರು. ಗುಂಡಿ ಒತ್ತುವವನು ಒಬ್ಬ, ಕಾರ್ಯ ಆಗಬೇಕಾದವನು ಇನ್ನೊಬ್ಬ. ಇಬ್ಬರೂ ಬಳಕೆದಾರರೇ ಎಂಬುದನ್ನು ಆ ವಿನ್ಯಾಸಕಾರರು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಈ ಭೇದವು ಮುಂದೆ ನಮಗೆ ಉಪಯೋಗಕ್ಕೆ ಬರುತ್ತದೆ.

ಕ್ರೀಡಾಗ್ರಾಮಗಳು ತೆರೆದಿದ್ದ ನಾಲ್ಕು ವಾರಗಳಲ್ಲಿ ವ್ಯವಸ್ಥೆಯು ಹಗಲಿರುಳೂ ನಡೆಯಿತು. ೪೦,೦೦೦ಕ್ಕೂ ಹೆಚ್ಚು ಬಾರಿ ಬಳಕೆಯಾಯಿತು. ಕ್ರೀಡಾಪಟುಗಳಲ್ಲಿ ನೂರಕ್ಕೆ ೪೦ ಮಂದಿ ಒಮ್ಮೆಯಾದರೂ ಅದನ್ನು ಉಪಯೋಗಿಸಿದರು. ಈ ವೃತ್ತಾಂತವನ್ನು ೧೯೮೭ರಲ್ಲಿ ಪ್ರಕಟಿಸಿದವರು ಅದರ ನಿರ್ಮಾಪಕರೇ ಎಂಬುದನ್ನು ಇತಿಹಾಸದ ವಿದ್ಯಾರ್ಥಿಯು ಮರೆಯಬಾರದು. ಉಳಿದ ೬೦ ಮಂದಿ ಏಕೆ ಬರಲಿಲ್ಲವೆಂಬ ಪ್ರಶ್ನೆಯನ್ನೂ ಅವನು ಕೇಳಬೇಕು. ಆದರೂ ಮೂರು ತತ್ತ್ವಗಳು ಕಟ್ಟುನಿಟ್ಟಾದ ಕಾಲಮಿತಿಯೊಳಗೆ ಆಚರಣೆಗೆ ಬರಲಾರವೆಂಬ ಆಕ್ಷೇಪಕ್ಕೆ ಇದು ಸಾಕಾದಷ್ಟು ಉತ್ತರ ಕೊಟ್ಟಿತೆಂಬುದರಲ್ಲಿ ಸಂದೇಹವಿಲ್ಲ.

೬

೧೯೮೬ರಲ್ಲಿ ಡೊನಾಲ್ಡ್ ನಾರ್ಮನ್ ಮತ್ತು ಸ್ಟೀಫನ್ ಡ್ರೇಪರ್ ಅವರು ಸಂಪಾದಿಸಿದ ಗ್ರಂಥದಿಂದ ಈ ವಿಚಾರಕ್ಕೆ ‘ಬಳಕೆದಾರ ಕೇಂದ್ರಿತ’ ಎಂಬ ಹೆಸರು ವ್ಯಾಪಕವಾಗಿ ಪ್ರಚಾರಕ್ಕೆ ಬಂದಿತು. ಆ ಗ್ರಂಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ನಾರ್ಮನ್ನರು ಕೆಲಸಮಾಡುತ್ತಿದ್ದ ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮೊದಲಕ್ಷರಗಳೇ ಆಗಿರುವುದು ಒಂದು ವಿನೋದ. ಮರುವರ್ಷ ಮಾನವಶಾಸ್ತ್ರಜ್ಞೆ ಲೂಸಿ ಸಚ್‌ಮನ್ ಅವರ ಗ್ರಂಥವು ಹೊರಬಂದಿತು. ನಕಲುಯಂತ್ರವೊಂದನ್ನು ಬಳಸಲು ಜನರು ಪಡುವ ಪಾಡನ್ನು ಅವರು ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ಚಿತ್ರೀಕರಿಸಿ ಅಧ್ಯಯನ ಮಾಡಿದ್ದರು. ಆ ಯಂತ್ರದ ಮುಂದೆ ತಬ್ಬಿಬ್ಬಾದವರಲ್ಲಿ ಇಬ್ಬರು ಪ್ರಸಿದ್ಧ ಗಣಕವಿಜ್ಞಾನಿಗಳೂ ಇದ್ದರು. ಬಳಕೆದಾರನ ಅಜ್ಞಾನವೇ ತೊಡಕಿಗೆ ಕಾರಣವೆಂಬ ವಾದಕ್ಕೆ ಇದಕ್ಕಿಂತ ಮಿಗಿಲಾದ ಖಂಡನೆ ಬೇಕಾಗಿಲ್ಲ.

೧೯೯೯ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ೧೩೪೦೭ನೆಯ ಸಂಖ್ಯೆಯ ಮಾನಕವನ್ನು ಹೊರಡಿಸಿ, ಸಂವಾದಾತ್ಮಕ ವ್ಯವಸ್ಥೆಗಳ ವಿನ್ಯಾಸಕ್ರಮವನ್ನು ವಿಧಿಬದ್ಧಗೊಳಿಸಿತು. ೨೦೧೦ರಲ್ಲಿ ೯೨೪೧-೨೧೦ ಎಂಬುದು ಅದರ ಸ್ಥಾನಕ್ಕೆ ಬಂದಿತು. ಈ ಮಾನಕಗಳು ‘ಬಳಕೆದಾರ’ ಎಂಬುದಕ್ಕೆ ಬದಲಾಗಿ ‘ಮಾನವ ಕೇಂದ್ರಿತ’ ಎಂಬ ಮಾತನ್ನು ಆರಿಸಿಕೊಂಡಿವೆ. ಯಂತ್ರವನ್ನು ಮುಟ್ಟುವವನಷ್ಟೇ ಅಲ್ಲದೆ ಅದರ ಫಲವನ್ನು ಅನುಭವಿಸುವವರೂ ಲೆಕ್ಕಕ್ಕೆ ಬರಬೇಕೆಂಬ ಅರಿವು ಈ ಬದಲಾವಣೆಯಲ್ಲಿದೆ.

೭

ಈ ಕೊನೆಯ ಮಾತಿನ ಅರ್ಥವನ್ನು ತಿಳಿಯಲು ಹೊರದೇಶಕ್ಕೆ ಹೋಗಬೇಕಾಗಿಲ್ಲ. ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನು ನೋಡಬಹುದು. ಸುಮಾರು ೯,೦೦೦ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ, ೬೭ ಲಕ್ಷ ರೈತರಿಗೆ ಸಂಬಂಧಿಸಿದ ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ಈ ಶತಮಾನದ ಆರಂಭದ ವರ್ಷಗಳಲ್ಲಿ ಅಂದಿನ ೧೭೭ ತಾಲ್ಲೂಕುಗಳ ಕೇಂದ್ರಗಳಿಂದ ೧೫ ರೂಪಾಯಿ ಶುಲ್ಕಕ್ಕೆ ಪ್ರತಿಯನ್ನು ಕೊಡುವ ಏರ್ಪಾಟಾಯಿತು. ಇಲ್ಲಿ ಗುಂಡಿ ಒತ್ತುವವನು ಕಚೇರಿಯ ನೌಕರ; ಜಮೀನು ರೈತನದು. ಲಾಸ್ ಏಂಜಲೀಸಿನ ತಂದೆತಾಯಿಗಳಂತೆ ರೈತನೂ ಯಂತ್ರವನ್ನು ಮುಟ್ಟದ ಬಳಕೆದಾರ. ಈ ಯೋಜನೆಯು ಗೂಲ್ಡ್ ಮತ್ತು ಲೂಯಿಸ್ ಅವರ ತತ್ತ್ವಗಳಿಂದ ಹುಟ್ಟಿತೆಂದು ನಾವು ಹೇಳುತ್ತಿಲ್ಲ. ಆದರೆ ಅದರ ಒಂದು ಸಣ್ಣ ಏರ್ಪಾಟು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಕಟ್ಟೆಯ ಮೇಲೆ ಎರಡನೆಯ ಗಣಕಪರದೆಯೊಂದನ್ನು ರೈತನ ಕಡೆಗೆ ಮುಖಮಾಡಿ ಇಟ್ಟಿದ್ದರು. ತನ್ನ ಹೆಸರಿನ ಮುಂದೆ ನೌಕರನು ಏನು ಮಾಡುತ್ತಿದ್ದಾನೆಂಬುದನ್ನು ಅವನು ತಾನೇ ನೋಡಬಹುದಾಗಿತ್ತು. ಒಂದು ಪರದೆಯು ಯಾವ ಕಡೆಗೆ ತಿರುಗಿದೆ ಎಂಬುದರಲ್ಲಿ, ವ್ಯವಸ್ಥೆಯು ಯಾರನ್ನು ಬಳಕೆದಾರನೆಂದು ಎಣಿಸಿದೆ ಎಂಬುದು ಗೊತ್ತಾಗುತ್ತದೆ.

ಆದರೆ ಪರದೆ ತಿರುಗಿದ ಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ. ದಾಖಲೆಗಳು ಒಂದೆಡೆ ಕೂಡಿದುದರಿಂದ, ಬೆಂಗಳೂರಿನ ಸುತ್ತಮುತ್ತ ದೊಡ್ಡ ಪ್ರಮಾಣದಲ್ಲಿ ಭೂವ್ಯವಹಾರ ನಡೆಸುವವರಿಗೆ ಹೆಚ್ಚಿನ ಅನುಕೂಲವಾಯಿತೆಂದು ಸಾಲೊಮನ್ ಬೆಂಜಮಿನ್ ಮತ್ತು ಅವರ ಸಹಲೇಖಕರು ೨೦೦೭ರಲ್ಲಿ ವಾದಿಸಿದರು. ಈ ವಾದವನ್ನು ಪೂರ್ಣವಾಗಿ ಒಪ್ಪದವರು ಕೂಡ ಅದು ಎತ್ತುವ ಪ್ರಶ್ನೆಯನ್ನು ಬದಿಗಿಡಲಾರರು. ಪಹಣಿಯ ಪ್ರತಿ ಸುಲಭವಾಗಿ ದೊರೆಯಿತೇ ಎಂಬುದು ಒಂದು ಅಳತೆ. ಆ ಸೌಲಭ್ಯದಿಂದ ಯಾರ ಕೈ ಬಲವಾಯಿತು ಎಂಬುದು ಇನ್ನೊಂದು. ಮೊದಲನೆಯದನ್ನು ಕಟ್ಟೆಯ ಬಳಿ ನಿಂತು ಅಳೆಯಬಹುದು; ಎರಡನೆಯದಕ್ಕೆ ಊರಿಗೆ ಹೋಗಬೇಕು. ನೈಗಾರ್ಡರು ಕಾರ್ಮಿಕ ಸಂಘಕ್ಕೆ ಹೋದುದು ಇಂಥ ಪ್ರಶ್ನೆಗಾಗಿಯೇ.

೮

ಮೇಲ್ಕಂಡ ನಿದರ್ಶನಗಳನ್ನು ಒಟ್ಟಿಗೆ ನೋಡಿದಾಗ ಒಂದು ಸಾಮಾನ್ಯ ಲಕ್ಷಣ ಕಾಣುತ್ತದೆ. ಚಪಾನಿಸರಿಗೆ ಸಿ-೪೭ ವಿಮಾನದ ಸ್ವಿಚ್ಚುಗಳು, ಸ್ಕ್ಯಾಂಡಿನೇವಿಯದವರಿಗೆ ಮುದ್ರಣದ ಕೆಲಸಗಾರರ ಮೌನ, ಗೂಲ್ಡರ ತಂಡಕ್ಕೆ ಕೈಪಿಡಿಯನ್ನು ಓದಿ ತಡವರಿಸಿದವರು, ಇವರೆಲ್ಲರಿಗೂ ಪಾಠ ಕಲಿಸಿದುದು ತಮ್ಮ ಎಣಿಕೆಯನ್ನು ಅಲ್ಲಗಳೆದ ಒಂದು ಪ್ರತ್ಯಕ್ಷ ಘಟನೆ. ತತ್ತ್ವವನ್ನು ಓದಿ ಒಪ್ಪಿದವರಿಗೂ ತಾವು ತಪ್ಪಿದುದನ್ನು ಕಣ್ಣಾರೆ ಕಂಡವರಿಗೂ ಇರುವ ಅಂತರವನ್ನೇ ಗೂಲ್ಡ್ ಮತ್ತು ಲೂಯಿಸ್ ಅವರ ಅಂಕಿಗಳು ಹೇಳುತ್ತವೆ. ಆ ೪೪೭ ಮಂದಿ ಅಜ್ಞರಲ್ಲ. ಬಹುಶಃ ಆ ಬಗೆಯ ಘಟನೆಯೊಂದು ಅವರಲ್ಲಿ ಅನೇಕರಿಗೆ ಒದಗಿಬಂದಿರಲಿಲ್ಲ.

ಹೀಗಿರಲಾಗಿ, ನಮ್ಮ ತರಗತಿಗಳಲ್ಲಿ ಈ ವಿದ್ಯೆಯನ್ನು ಉಪನ್ಯಾಸದಿಂದ ಮಾತ್ರ ಕಲಿಸಲು ಸಾಧ್ಯವಿಲ್ಲವೆಂದು ನಮಗೆ ತೋರುತ್ತದೆ. ಅದಕ್ಕೆ ದುಬಾರಿಯಾದ ಪ್ರಯೋಗಶಾಲೆಯೂ ಬೇಕಾಗಿಲ್ಲ. ರಟ್ಟಿನ ಪೆಟ್ಟಿಗೆಯಿಂದಲೇ ಮುದ್ರಣದ ಉಪಕರಣ ರೂಪುಗೊಂಡುದನ್ನು ನೋಡಿದೆವಷ್ಟೆ. ವಿದ್ಯಾರ್ಥಿಯು ತಾನು ರಚಿಸಿದುದರ ಕಾಗದದ ಮಾದರಿಯನ್ನಾದರೂ ಸರಿಯೆ, ಕಾಲೇಜಿನ ಕಚೇರಿಯ ಗುಮಾಸ್ತರ ಮುಂದೆ, ಗ್ರಂಥಾಲಯದ ಸಹಾಯಕರ ಮುಂದೆ, ಇಲ್ಲವೆ ತನ್ನ ತಾಯಿಯ ಮುಂದೆ ಇಟ್ಟು, ಅರ್ಧ ಗಂಟೆಯ ಕಾಲ ಬಾಯಿ ತೆರೆಯದೆ ನೋಡಲಿ. ಅವರು ತಪ್ಪು ಗುಂಡಿಯ ಕಡೆಗೆ ಕೈ ಚಾಚಿದಾಗ ‘ಅದಲ್ಲ, ಇದು’ ಎನ್ನುವ ಆತುರ ಅವನಿಗೆ ಬಂದೇ ಬರುತ್ತದೆ. ಆ ಆತುರವನ್ನು ತಡೆದು, ಕಂಡುದನ್ನು ಬರೆದುಕೊಂಡು, ಮನೆಗೆ ಹೋಗಿ ತಿದ್ದಿ, ಮರುವಾರ ಮತ್ತೆ ಬರಲಿ. ಮೌಲ್ಯಮಾಪನದಲ್ಲಿ ತಂತ್ರಾಂಶಕ್ಕೆ ಕೊಡುವಷ್ಟೇ ಅಂಕಗಳನ್ನು, ಅವನು ಮೊದಲು ಎಣಿಸಿದುದೇನು, ಕಂಡುದೇನು, ತಿದ್ದಿದುದೇನು ಎಂಬ ಬರಹಕ್ಕೂ ಕೊಡುವುದು ಯುಕ್ತ. ಹತ್ತು ಪಂಕ್ತಿಗಳ ಉತ್ತರದಲ್ಲಿ ದೊರೆಯದ ವಿದ್ಯೆ ಆ ಅರ್ಧ ಗಂಟೆಯಲ್ಲಿ ಆರಂಭವಾಗುತ್ತದೆಂದು ನಾವು ನಂಬಿದ್ದೇವೆ.